ಸೊನ್ನೆ ನಂಬರಿನ ಅಂಕಣ

ಹದಿನಾಲ್ಕು ವರ್ಷ ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಮೈಕು ನನ್ನದು.
ಸಾಗರ, ಸೊರಬ, ಸಿರಸಿ ಕಡೆ ಹೋಗುವವರು,
ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಹೋಗುವವರು,
ಊರುಗಳನ್ನು ಮಣಿ ಪೋಣಿಸಿದ ಹಾಗೆ ಹೇಳುತ್ತಿದ್ದೆ.
ಹೊಸನಗರ ಅನ್ನುವಾಗ ಕೊನೆಯ 'ರ' ಎಳೆಯುತ್ತೇನಂತೆ,
ಬಾಳೆಹಣ್ಣು ಮಾರುವ ಹುಡುಗರು ಅಣಕಿಸುತ್ತಿದ್ದರು.

ಮೊದಲು ಬರುವುದು ಬೆಲ್ಲ ಸೀದ ವಾಸನೆ.
ಡೀಸೆಲ್ಲು, ಫಿನಾಯಿಲು, ಹೂವಿನ ಬುಟ್ಟಿ, ಎಲ್ಲವನ್ನೂ ಹಿಂದೆ ಹಾಕಿ
ಎಲ್ಲೋ ಒಂದು ಕೊಪ್ಪರಿಗೆ ತಳ ಹಿಡಿದ ವಾಸನೆ.
ಆಮೇಲಿನದು ನನ್ನದಲ್ಲ, ಬೇರೆಯವರು ಹೇಳಿದ್ದು:
ಕಣ್ಣು ಮೇಲೆ ಹೋಯಿತು, ಬಾಯಲ್ಲಿ ನೊರೆ,
ಕಂಡಕ್ಟರ್ ಜಬೀವುಲ್ಲಾ ಡಿಪೋದ ಬೀಗದ ಕೈ ಹಿಡಿಸಿದ,
ಯಾರೋ ಚಪ್ಪಲಿ ಮೂಸಿಸಿದರು.
ಎದ್ದಾಗ ನಾಲಿಗೆ ಕಚ್ಚಿಕೊಂಡಿರುತ್ತಿತ್ತು.
ಅಷ್ಟೇ ನನಗೆ ಸಿಕ್ಕ ಸಾಕ್ಷಿ.

ಆ ಸಲ ಒಂದೇ ರಾತ್ರಿ ನಾಲ್ಕು ಬಂದವು.
ಬೆಳಿಗ್ಗೆ ತಲೆ ಭಾರ, ಸಂಜೆಗೆ ಹಗುರ.
ಮರುದಿನ ಹೊಟ್ಟೆ ತುಂಬ ಅಕ್ಕಿರೊಟ್ಟಿ ತಿಂದೆ, ಗಡ್ಡ ಹೆರೆದುಕೊಂಡೆ,
ನಾಳೆ ಡ್ಯೂಟಿಗೆ ಹೋಗ್ತೀನಿ ಅಂದೆ.
ಕುಸುಮಾಕ್ಷಿ ಯೂನಿಫಾರಮ್ಮಿಗೆ ಇಸ್ತ್ರಿ ಹಾಕಿದಳು, ಗುನುಗುತ್ತ.

ಮೂರನೇ ದಿನ, ಮೈಕಿನ ಸ್ವಿಚ್ಚು ಆರಿಸಿದ ಮೇಲೂ
ನನ್ನ ದನಿ ನಿಲ್ಲಲಿಲ್ಲ.
ಮೇಲಿನ ಸ್ಪೀಕರಿನಲ್ಲಿ, 'ರ' ಎಳೆಯುವ ಅದೇ ದನಿ:
"ಹಾಲೇಶಪ್ಪನವರು ಕೂಡಲೇ ಸೊನ್ನೆ ನಂಬರಿನ ಅಂಕಣಕ್ಕೆ ಬರಬೇಕು.
ಬಸ್ಸು ತಮಗಾಗಿ ಕಾದಿದೆ."
ಸೊನ್ನೆ ನಂಬರಿನ ಅಂಕಣ ನಮ್ಮಲ್ಲಿ ಇಲ್ಲ.
ಇಲ್ಲ ಅಂತ ಗೊತ್ತಿದ್ದೂ ಹುಡುಕಿದೆ.
ಬೋರ್ಡಿನ ಅಕ್ಷರಗಳು ಒಂದಕ್ಕೊಂದು ಕಣ್ಣು ಮಿಟುಕಿಸಿದವು.
ಹೊಸನಗರದ ಗಾಡಿಯ ಡ್ರೈವರ್ ಕತ್ತು ತಿರುಗಿಸಿದ,
ಮುಖದ ಜಾಗದಲ್ಲಿ ಅಂಗೈ ಇತ್ತು.
ಅಷ್ಟು ಸ್ಪಷ್ಟವಾಗಿ ನನಗೆ ನನ್ನ ಮದುವೆಯೂ ನೆನಪಿಲ್ಲ.

ಓಡಿಬಂದು ಮೈಕು ಹಾಕಿದೆ:
ಪ್ರಯಾಣಿಕರ ಗಮನಕ್ಕೆ, ಯಾರೂ ಹತ್ತಬೇಡಿ,
ಹತ್ತಿದವರು ಇಳಿಯಿರಿ, ಇವು ಬಸ್ಸುಗಳಲ್ಲ.
ಜನ ನಕ್ಕರು.
ಒಬ್ಬ ಹೆಂಗಸು ಮಾತ್ರ ಕೂಸನ್ನು ಎದೆಗವುಚಿಕೊಂಡು ಇಳಿದಳು,
ನನ್ನ ಗಾಜಿನ ಗೂಡಿನ ಕಡೆ ನೋಡುತ್ತ ನಿಂತಳು.
ಹದಿನಾಲ್ಕು ವರ್ಷ ನಿಜ ಹೇಳಿದ ದನಿ,
ಅವಳು ನಂಬಿದ್ದರಲ್ಲಿ ತಪ್ಪೇನು?

ಫಿಟ್ಸು ಒಂದೂ ನೆನಪಿಲ್ಲ ನನಗೆ.
ಹುಚ್ಚು ಪೂರ್ತಿ ನೆನಪಿದೆ.
ತಿರುವುಮುರುವಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಅತ್ತೆ ನಿಂಬೆಹಣ್ಣು ನಿವಾಳಿಸಿದರು. ಭಾವಮೈದ ಕೈ ಕಟ್ಟಿದ.
ಮೆಗ್ಗಾನಿನ ಡಾಕ್ಟರಮ್ಮ ಕಟ್ಟು ಬಿಚ್ಚಿಸಿ ಕೇಳಿದರು:
"ಚಿಕ್ಕವರಿದ್ದಾಗ ಮಿಂಚು ಕಂಡ ಮೇಲೆ ಎಣಿಸ್ತಿದ್ರಾ?"
ಎಣಿಸುತ್ತಿದ್ದೆವು, ಗೋಣಿಯೊಳಗೆ ಮುದುರಿಕೊಂಡು.
"ಇದೂ ಹಾಗೇ. ಮಿದುಳಲ್ಲಿ ಮಿಂಚು ಹೊಡೀತು.
ನಿಮಗೆ ಗುಡುಗು ಎರಡು ದಿನ ತಡವಾಗಿ ಕೇಳಿಸ್ತು."
ದೆವ್ವವಲ್ಲ ಅಂದರು.
ಬೆಳಿಗ್ಗೆ ಒಂದೂವರೆ, ರಾತ್ರಿ ಎರಡು, ಗುಳಿಗೆ ತಪ್ಪಿಸಬೇಡಿ ಅಂದರು.

ಈಗ ನಾನು ಕಳೆದುಹೋದ ಸಾಮಾನಿನ ಕೋಣೆಯಲ್ಲಿ.
ಛತ್ರಿ, ಟಿಫಿನ್ ಕ್ಯಾರಿಯರು, ಒಂದು ಹಲ್ಲುಸೆಟ್ಟು,
ಯಾರದೋ ಎದೆಯ ಎಕ್ಸ್‌ರೇ.
ಮೈಕಿನಲ್ಲಿ ರೆಕಾರ್ಡು ಮಾಡಿದ ಹೆಣ್ಣು ದನಿ,
ಅದಕ್ಕೆ ಯಾವ ಊರಿನ ಮೇಲೂ ಮೋಹವಿಲ್ಲ.
ಒಂದು ಮಾತು ಡಾಕ್ಟರಮ್ಮನಿಗೂ ಹೇಳಿಲ್ಲ:
ಗುಳಿಗೆ ಆ ದನಿಯನ್ನು ಒಯ್ದಾಗ
ಸ್ವಲ್ಪ ಬೇಜಾರಾಯಿತು.
ಅಷ್ಟು ಮರ್ಯಾದೆಯಿಂದ ನನ್ನ ಹೆಸರನ್ನು
ಯಾರೂ ಕೂಗಿರಲಿಲ್ಲ.

ಫಿಟ್ಸು ಬಂದ ತಾರೀಕಿಗೆ ಕುಸುಮಾಕ್ಷಿ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಾಳೆ,
ಮುಂದಿನ ಮೂರು ಚೌಕಗಳಲ್ಲಿ ಚುಕ್ಕೆ.
ಮೊನ್ನೆ, ಮೂರನೇ ಚುಕ್ಕೆಯ ದಿನ, ಅಂಗನವಾಡಿಗೆ ರಜೆ ಹಾಕಿ
ಎದುರಿಗೆ ಕೂತು ಹುರುಳಿ ಆರಿಸುತ್ತಿದ್ದಳು.
ಏನಾದ್ರೂ ಕೇಳಿಸ್ತಾ? ಅಂದಳು, ತಲೆ ಎತ್ತದೆ.
ಬಹಳ ದೂರ. ಹೂಂ. ಬಸ್ಸು ಹೊರಡ್ತಾ ಇದೆಯಂತೆ.
ಹೋಗ್ಲಿ ಬಿಡಿ, ಅಂದಳು,
ಈ ಹೊತ್ತಲ್ಲಿ ಸೀಟೂ ಇರಲ್ಲ.
ಮೊರವನ್ನು ನನ್ನ ಕಡೆ ಸರಿಸಿದಳು.
ಕಲ್ಲು ಬಹಳ ಇದ್ದವು ಈ ಸಲದ ಹುರುಳಿಯಲ್ಲಿ.